ಕೆನ್ನೆಯ ತಗ್ಗುಗಳು ಕಲಿಸಿದ್ದು

ನಿರ್ಣಾ ಊರಿನ ಸವಿತಾಳ ಮುಖ ಕೆಡಿಸಿದವಳು ನಾನು. ಬರೆಯುವುದಾದರೆ ಅದನ್ನು ಮೊದಲು ಬರೆಯಬೇಕು ಎಂದು ಬಹಳ ದಿನದಿಂದ ಅಂದುಕೊಂಡಿದ್ದೆ.

ಚರ್ಮದ ಡಾಕ್ಟರಾಗಿ ಬಸವಕಲ್ಯಾಣದಲ್ಲಿ ಮೂವತ್ತು ವರ್ಷ ಕೂತೆ. ವಾರಕ್ಕೆ ಎರಡು ದಿನ ಹುಮನಾಬಾದಿನ ಒಂದು ಖಾಸಗಿ ಆಸ್ಪತ್ರೆಗೆ ಹೋಗುತ್ತಿದ್ದೆ. ಹೋದ ವರ್ಷ ಎರಡನ್ನೂ ಬಿಟ್ಟೆ. ಈಗ ಹೊಸದಾಗಿ ಈ ಕೆಲಸಕ್ಕೆ ಬಂದವರು ಆಗಾಗ ಫೋನ್ ಮಾಡುತ್ತಾರೆ. ಹೆಚ್ಚಿನವರ ಪ್ರಶ್ನೆ ಒಂದೇ: ಮೊಡವೆ ಕಲೆಗೆ ಯಾವ ಮಷೀನ್ ಒಳ್ಳೆಯದು? ನನಗೆ ಗೊತ್ತಿದ್ದಷ್ಟು ಹೇಳಿ ಫೋನ್ ಇಡುತ್ತೇನೆ. ಇಟ್ಟ ಮೇಲೆ, ಹೇಳಬೇಕಾದದ್ದು ಬೇರೆಯೇ ಇತ್ತು ಅನ್ನಿಸುತ್ತದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕಲಬುರಗಿಯಲ್ಲಿ ಓದುವಾಗ ನಮಗೊಬ್ಬ ಪ್ರೊಫೆಸರ್ ಇದ್ದರು. ಮಾತು ಒರಟು, ಕೈ ಮಾತ್ರ ಬಹಳ ಮೆತ್ತಗೆ. ಕಲೆಯ ರೋಗಿ ಬಂದರೆ ಅವರು ಕೋಣೆಯ ಟ್ಯೂಬ್‌ಲೈಟ್ ಆರಿಸಿ, ರೋಗಿಯನ್ನು ಕಿಟಕಿಗೆ ಓರೆಯಾಗಿ ಕೂರಿಸುತ್ತಿದ್ದರು. ಎದುರಿನ ಬೆಳಕಿನಲ್ಲಿ ಸಮತಟ್ಟಾಗಿ ಕಾಣುವ ಕೆನ್ನೆ ಪಕ್ಕದ ಬೆಳಕಿನಲ್ಲಿ ತನ್ನ ತಗ್ಗುಗಳನ್ನೆಲ್ಲ ತೋರಿಸುತ್ತದೆ. ಆಮೇಲೆ ಎರಡು ಬೆರಳಿನಿಂದ ಕೆನ್ನೆಯನ್ನು ಎಳೆದು ಹಿಡಿದು, "ಎಷ್ಟು ಹೋದವು, ಎಷ್ಟು ಉಳಿದವು? ಎಣಿಸು," ಎನ್ನುತ್ತಿದ್ದರು. ಎಳೆದಾಗ ಮಾಯವಾಗುವ ಕಲೆಯನ್ನು ಒಳಗಿನ ನಾರು ಕೆಳಕ್ಕೆ ಹಿಡಿದಿರುತ್ತದೆ. ಎಳೆದರೂ ಉಳಿಯುವುದು ಬೇರೆ ಜಾತಿ. ಕೆಲವು ಅಂಚು ಕಡಿದಂತೆ ಅಗಲವಾಗಿರುತ್ತವೆ, ಕೆಲವು ದಬ್ಬಣ ಚುಚ್ಚಿದಂತೆ ಸಣ್ಣಗೆ, ಆಳವಾಗಿರುತ್ತವೆ. ಒಂದೇ ಕೆನ್ನೆಯಲ್ಲಿ ಮೂರೂ ಇರುವುದು ಸಾಮಾನ್ಯ.

ಇಷ್ಟೆಲ್ಲ ವಿಂಗಡಿಸಿದರೂ ಆಗ ನಮ್ಮ ಕೈಯಲ್ಲಿದ್ದ ಉಪಾಯ ಒಂದೇ. ಗರಗರ ತಿರುಗುವ ಒಂದು ಬ್ರಶ್ಶಿನಿಂದ ಚರ್ಮದ ಮೇಲ್ಪದರವನ್ನು ಉಜ್ಜಿ ತೆಗೆಯುವುದು. ರಕ್ತ ನೋಡಿ ನಾನು ಒಮ್ಮೆ ಹೊರಗೆ ಹೋಗಿ ಕೂತಿದ್ದೆ. ನಮ್ಮ ಕಡೆಯ ಗೋಧಿ ಬಣ್ಣದ, ಕಪ್ಪು ಬಣ್ಣದ ಮುಖಗಳಲ್ಲಿ ಉಜ್ಜಿದ ಜಾಗ ಬೆಳ್ಳಗೋ ಕಪ್ಪಗೋ ಆಗಿ, ತಗ್ಗಿದ್ದವರು ತಗ್ಗಿನ ಜೊತೆ ಪಟ್ಟೆಯನ್ನೂ ಹೊತ್ತುಕೊಂಡು ಹೋಗುತ್ತಿದ್ದರು. ಮುಂದೆ ಒಂದೊಂದೇ ಹೊಸ ವಿಧಾನ ಬಂತು. ಸೂಜಿ ಹಾಕಿ ಒಳಗಿನ ನಾರು ಬಿಡಿಸುವುದು ಬಂತು. ಕಡ್ಡಿಯ ತುದಿಯಲ್ಲಿ ಆಮ್ಲ ತೆಗೆದುಕೊಂಡು ಆಳದ ತೂತಿಗೆ ಮಾತ್ರ ಮುಟ್ಟಿಸುವುದು ಬಂತು. ಸಣ್ಣ ಸೂಜಿಗಳ ರೋಲರ್ ಬಂತು. ಕೊನೆಗೆ ಲೇಸರ್ ಬಂತು.

ಲೇಸರ್‌ಗಿಂತ ಮೊದಲು ಯೂಸುಫ್ ಚಾಚಾ ಬಂದಿದ್ದರು. ಅವರ ವಿಷಯ ಹೇಳಿಯೇ ಮುಂದೆ ಹೋಗುತ್ತೇನೆ.

ಯೂಸುಫ್ ಚಾಚಾ ಹುಮನಾಬಾದ್ ಗಂಜಿನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ಕಾಳು ತೂಗುತ್ತಿದ್ದರು. ಐವತ್ತು ದಾಟಿತ್ತು, ಗಡ್ಡ ಬಿಡುತ್ತಿರಲಿಲ್ಲ. ಜೊತೆಗೆ ಮಗಳು ಬಂದಿದ್ದಳು. ಮಗಳ ಗಲ್ಲದ ಮೇಲೆ ಎರಡು ಮೊಡವೆ ಇದ್ದವು. ನಾನು ಆಕೆಯನ್ನೇ ಸ್ಟೂಲಿನ ಮೇಲೆ ಕೂರಿಸಿ ನೋಡತೊಡಗಿದೆ. ಚಾಚಾ ಮುಂದೆ ಬಂದರು.

"ಆಕೀಗಿ ಏನೂ ಆಗಿಲ್ರಿ ಮೇಡಂ. ನನ್ನ ಮಾರಿ ತೋರಸ್ಬೇಕಂತ ಬಂದೀನಿ," ಎಂದರು.

ಅವರ ಎರಡೂ ಕೆನ್ನೆ ಅಲೆಅಲೆಯಾಗಿ ತಗ್ಗುಬಿದ್ದಿದ್ದವು. ಇಷ್ಟು ವರ್ಷ ಬಿಟ್ಟು ಈಗ ಯಾಕೆ ಎಂದು ಕೇಳಿದೆ. ಮಗಳ ಮದುವೆ ಇರಬಹುದು, ಯಾರೋ ಏನೋ ಅಂದಿರಬಹುದು ಎಂದು ನನ್ನ ಊಹೆ.

"ಕಾರಣ ಇರ್ಲೇಬೇಕೇನ್ರಿ?" ಎಂದರು ಚಾಚಾ. "ಹದ್ನೆಂಟು ವರ್ಷದಾಗ ಬಂದಿದ್ವು. ಅವಾಗಿಂದ ಗಂಜಿನಾಗ ನನಗ ಜಾಳಗಿ ಅಂತಾರ, ಕಾಳು ಸಾಣಿಸೋ ಜಾಳಗಿ. ನಾನೂ ನಕ್ಕೊಂತ ಬಂದೀನಿ. ತೋರಸ್ಬೇಕು ಅಂತ ಮನಸಿನಾಗ ಅವತ್ತಿಂದ ಅದ. ಈಗ ಮಕ್ಕಳು ದೊಡ್ಡವ್ರಾದ್ರು, ಟೈಮ್ ಸಿಕ್ಕದ. ಬಂದೀನಿ."

ಮಗಳು ತಲೆ ತಗ್ಗಿಸಿದಳು. ಅಪ್ಪನಿಗೆ ಹೀಗೊಂದು ಆಸೆ ಇದ್ದದ್ದು ಆಕೆಗೂ ಅವತ್ತೇ ಗೊತ್ತಾಗಿತ್ತು ಅನ್ನಿಸುತ್ತದೆ. ನನಗೆ ನಾಚಿಕೆಯಾಯಿತು. ಮುಖದ ಚಿಂತೆ ಮದುವೆಯಾಗದ ಹುಡುಗಿಯರಿಗೆ ಮಾತ್ರ ಎಂದು ನಾನು ತಿಳಿದಿದ್ದೆನಲ್ಲ.

ಕಿಟಕಿಯ ಪಕ್ಕ ಕೂರಿಸಿ ಕೆನ್ನೆ ಎಳೆದು ನೋಡಿದೆ. ಮುಕ್ಕಾಲು ಪಾಲು ತಗ್ಗು ಮಾಯವಾದವು. ಸೂಜಿಯಿಂದ ನಾರು ಬಿಡಿಸಿದರೆ ಸಾಕಿತ್ತು. ಕೆನ್ನೆ ಒಂದು ವಾರ ಊದುತ್ತದೆ, ನೀಲಿಯಾಗುತ್ತದೆ, ಪೂರ್ತಿ ಸಪಾಟಾಗುವುದಿಲ್ಲ, ಅರ್ಧ ಕಡಿಮೆಯಾದರೆ ಅದೇ ಹೆಚ್ಚು ಎಂದು ಹೇಳಿದೆ. ಒಪ್ಪಿದರು. ಕೆಲವು ತಿಂಗಳ ಅಂತರದಲ್ಲಿ ಮೂರು ಸಲ ಮಾಡಿದೆ. ಕೊನೆಯ ಸಲ ಬಂದಾಗ ಕನ್ನಡಿ ಕೊಟ್ಟೆ. ಅವರು ಅದನ್ನು ತೊಡೆಯ ಮೇಲೆ ಬೋರಲು ಇಟ್ಟು ಅಂಗೈಯಿಂದ ಕೆನ್ನೆ ಸವರಿಕೊಂಡರು.

"ಮುಂಜಾನಿ ದಾಡಿ ಮಾಡ್ಕೊಳ್ಳಾಗ ಬ್ಲೇಡ್ ಎಲ್ಲೂ ಹಿಡೀಲಿಲ್ಲ ಮೇಡಂ," ಎಂದರು. "ದಿನಾ ಎರಡು ಕಡಿ ರಕ್ತ ಬರ್ತಿತ್ತು. ಇವತ್ತ ಬರ್ಲಿಲ್ಲ."

ನಾನು ಫೋಟೋ ತೆಗೆದು ಅಳೆಯುತ್ತಿದ್ದೆ. ಅವರ ಅಳತೆ ಬ್ಲೇಡಿನಲ್ಲಿತ್ತು. ಆಮೇಲಿಂದ ರೋಗಿಯನ್ನು ನಾನು ಮೊದಲು ಕೇಳುತ್ತಿದ್ದ ಪ್ರಶ್ನೆ ಇದು: ಈ ಕಲೆ ನಿಮಗೆ ಯಾವಾಗ ತ್ರಾಸು ಕೊಡುತ್ತದೆ? ಉತ್ತರ ಬಹಳ ಸಲ ನನ್ನ ಊಹೆಗೆ ಸಿಗುತ್ತಿರಲಿಲ್ಲ.

ಇಷ್ಟು ತಿಳಿದಿದ್ದವಳು ಸವಿತಾಳನ್ನು ಏನೂ ಕೇಳಲಿಲ್ಲ.

ಹುಮನಾಬಾದಿನ ಆಸ್ಪತ್ರೆ ನಡೆಸುತ್ತಿದ್ದವರು ಹಿರಿಯ ಸರ್ಜನ್. ಎಲ್ಲರೂ ಅವರನ್ನು ದೊಡ್ಡ ಸಾಹೇಬರು ಎನ್ನುತ್ತಿದ್ದರು. ಕೆಟ್ಟವರಲ್ಲ. ಕೈಲಾಗದವರಿಗೆ ಪುಕ್ಕಟೆ ಆಪರೇಷನ್ ಮಾಡಿದ್ದನ್ನು ನಾನೇ ನೋಡಿದ್ದೇನೆ. ಆದರೆ ಹೊಸ ಉಪಕರಣ ಎಂದರೆ ಅವರಿಗೆ ವಿಪರೀತ ಹುರುಪು. ಲೇಸರ್ ಮಷೀನ್ ತರಿಸಿ, ಅದಕ್ಕೊಂದು ಎಸಿ ಕೋಣೆ ಕಟ್ಟಿಸಿ, ಬಾಗಿಲಿಗೆ ಬೋರ್ಡು ಹಾಕಿಸಿದರು. ಕಲೆಯ ರೋಗಿ ಬಂದರೆ ನನ್ನ ಕೋಣೆಗೆ ಬರುವ ಮುಂಚೆಯೇ ಆ ಕೋಣೆ ತೋರಿಸಿ ಬಿಟ್ಟಿರುತ್ತಿದ್ದರು.

ಸವಿತಾ ಬಂದದ್ದು ಅಂಥ ದಿನಗಳಲ್ಲಿ. ಇಪ್ಪತ್ತೆರಡರ ಹುಡುಗಿ, ಹುಮನಾಬಾದಿನ ಔಷಧಿ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸ. ತಾಯಿ ಶಾಂತಾಬಾಯಿ ಕೂಲಿ ಮಾಡುವವರು. ಕೆನ್ನೆಗಳಲ್ಲಿ ಆಳದ ತೂತುಗಳು, ಗಲ್ಲದ ಮೇಲೆ ಇನ್ನೂ ಆರದ ನಾಲ್ಕು ಕೆಂಪು ಗುಳ್ಳೆ.

"ಬರೋ ತಿಂಗಳ ಪೋರಿಗಿ ನೋಡಾಕ ಬರ್ತಾರ್ರಿ," ಎಂದರು ಶಾಂತಾಬಾಯಿ. "ಅಷ್ಟೊತ್ತಿಗಿ ಏನರ ಆಗ್ತದೇನ್ರಿ?"

ಗುಳ್ಳೆ ಆರುವವರೆಗೆ ಕಲೆಗೆ ಕೈ ಹಚ್ಚಬಾರದು ಎಂದು ನನಗೆ ಗೊತ್ತಿತ್ತು. ಒಂದು ತಿಂಗಳಲ್ಲಿ ಏನೂ ಆಗುವುದಿಲ್ಲ ಎಂದೂ ಗೊತ್ತಿತ್ತು. ಹಾಗೆಯೇ ಹೇಳಲು ಬಾಯಿ ತೆರೆದಿದ್ದೆ. ದೊಡ್ಡ ಸಾಹೇಬರು ಬಾಗಿಲಲ್ಲಿ ನಿಂತು, "ಮಷೀನ್ ಅದ ಅಲ್ಲ? ಒಂದು ಸಿಟ್ಟಿಂಗ್ ಮಾಡ್ರಿ, ನಡೀತದ," ಎಂದರು. ಸವಿತಾ ನನ್ನ ಮುಖವನ್ನೇ ನೋಡುತ್ತಿದ್ದಳು. ಅಷ್ಟು ಆಸೆಯಿಂದ ನೋಡುವವರಿಗೆ ಇಲ್ಲ ಎನ್ನುವುದು ಕಷ್ಟ. ನಾನು ಹೂಂ ಅಂದೆ. ತಪ್ಪನ್ನು ಸಾಹೇಬರ ಮೇಲೆ ಹಾಕಲಾರೆ. ಮಷೀನಿನ ಬಟನ್ ಒತ್ತಿದ ಕೈ ನನ್ನದು.

ಹತ್ತು ದಿನಕ್ಕೆ ಆಕೆ ತಿರುಗಿ ಬಂದಳು. ಓಢಣಿಯನ್ನು ಕಣ್ಣಿನವರೆಗೆ ಕಟ್ಟಿಕೊಂಡಿದ್ದಳು. ಬಿಚ್ಚಿದಾಗ ಎರಡೂ ಕೆನ್ನೆಯಲ್ಲಿ ಲೇಸರ್ ಬಿದ್ದಲ್ಲೆಲ್ಲ ಚೌಕ ಚೌಕವಾಗಿ ಕಂದು ಕಪ್ಪು ಬಣ್ಣ ಏರಿತ್ತು. ಗಲ್ಲದ ಗುಳ್ಳೆಗಳು ಕೀವು ತುಂಬಿ ದೊಡ್ಡವಾಗಿದ್ದವು.

"ಬಿಸಿಲಿಗೆ ಹೋಗಿದ್ದೇನು?" ಎಂದು ಕೇಳಿದೆ.

"ತೊಗರಿ ಕೊಯ್ಲು ನಡದದಲ್ರಿ. ಎರಡನೇ ಪಾಳಿ ಇದ್ದಾಗ ಮುಂಜಾನಿ ಅವ್ವನ ಸಂಗಾಟ ಹೊಲಕ್ಕ ಹೋಗ್ತೀನಿ. ಹೋದ ತಿಂಗಳಿಂದ ಹೋಗಾಕತ್ತೀನಿ."

ಹೋದ ತಿಂಗಳಿಂದ. ಅಂದರೆ ಲೇಸರ್ ಮಾಡಿದ ದಿನವೇ ಆಕೆಯ ಚರ್ಮ ಬಿಸಿಲಿಗೆ ಕಾದು ಕಪ್ಪಾಗಿತ್ತು. ಅಂಥ ಚರ್ಮದ ಮೇಲೆ ಲೇಸರ್ ಹಾಕಿದರೆ ಹೀಗಾಗುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆ. ಅಂಗೈ ಮೇಲೆ ಮಾಡಿಸಿ ಮೊಣಕೈಯ ಒಳಗಿನ ಬಣ್ಣವನ್ನೂ ಹೊರಗಿನ ಬಣ್ಣವನ್ನೂ ಹೋಲಿಸಿ ನೋಡಿದ್ದರೆ ಅರ್ಧ ನಿಮಿಷದಲ್ಲಿ ತಿಳಿಯುತ್ತಿತ್ತು. ಕಾರ್ಖಾನೆಯ ಕೆಲಸ ಎಂದ ಕೂಡಲೇ ನೆರಳಿನ ಕೆಲಸ ಎಂದುಕೊಂಡೆ. "ಬಿಸಿಲಿಗೆ ಹೋಗಬೇಡ" ಎಂದು ಚೀಟಿಯಲ್ಲಿ ಬರೆದು ಕೊಟ್ಟಿದ್ದೆ. ಹೋಗದೆ ಇರುವುದು ಆಕೆಯ ಕೈಯಲ್ಲಿದೆಯೋ ಎಂದು ಕೇಳಿರಲಿಲ್ಲ.

ಸಾಹೇಬರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಸ್ವಲ್ಪ ಹೊತ್ತು ಕಣ್ಣುಜ್ಜಿಕೊಂಡರು. "ಸೂಚನಾ ಕೊಟ್ಟಿದ್ರಿ, ಆಕೀ ಪಾಲಿಸಿಲ್ಲ. ಹಂಗಂತ ಫೈಲಿನಾಗ ಬರೀರಿ. ನಾಳೆ ಯಾರರ ಕೇಳಿದ್ರ ನಮಗ ಬೇಕಾಗ್ತದ," ಎಂದರು.

ನನ್ನ ಕೋಣೆಗೆ ಬಂದು ಫೈಲು ತೆರೆದೆ. 'ರೋಗಿಯು ಸೂಚನೆಗಳನ್ನು' ಎಂದು ಬರೆದೆ. ಮುಂದಿನ ಪದ ಬರೆಯಲು ಪೆನ್ನು ಊರಿದವಳು ಅಲ್ಲೇ ನಿಂತೆ. ಹೊರಗೆ ಬೆಂಚಿನ ಮೇಲೆ ಆಕೆ ಮತ್ತೆ ಓಢಣಿ ಕಟ್ಟಿಕೊಳ್ಳುತ್ತಿದ್ದಳು. ಬರೆದದ್ದನ್ನು ಹೊಡೆದು ಹಾಕಿ, 'ಗುಳ್ಳೆ ಆರುವ ಮುಂಚೆ, ಬಿಸಿಲಿಗೆ ಕಪ್ಪಾದ ಚರ್ಮದ ಮೇಲೆ ಲೇಸರ್ ಮಾಡಿದೆ' ಎಂದು ಬರೆದು ಸಹಿ ಹಾಕಿದೆ. ಸಾಹೇಬರು ಮುಂದೆ ಒಂದು ವರ್ಷ ನನ್ನ ಜೊತೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದರು.

ನೋಡಲು ಬಂದವರು ಸವಿತಾಳ ಮುಖ ನೋಡಿ, ಚಹಾ ಕುಡಿದು, ಆಮೇಲೆ ತಿಳಿಸುತ್ತೇವೆ ಎಂದು ಹೋದರಂತೆ. ತಿಳಿಸಲಿಲ್ಲ. ಇದು ನನಗೆ ಗೊತ್ತಾದದ್ದು ಆಕೆ ಮುಂದಿನ ಸಲ ಬರಬೇಕಾದ ದಿನ ಬಾರದೆ, ನಾನೇ ಫೋನ್ ಮಾಡಿದಾಗ. ಆ ಭಾನುವಾರ ನಿರ್ಣಾಕ್ಕೆ ಹೋದೆ. ಡಾಕ್ಟರು ರೋಗಿಯ ಮನೆಗೆ ಹೋಗಿ ತಪ್ಪು ಒಪ್ಪಿಕೊಳ್ಳುವುದನ್ನು ನಮಗೆ ಯಾವ ಕಾಲೇಜೂ ಕಲಿಸಿರಲಿಲ್ಲ. ದಾರಿಯುದ್ದಕ್ಕೂ ವಾಕ್ಯ ಜೋಡಿಸುತ್ತ ಹೋದೆ. ಎರಡು ಕೋಣೆಯ ಮನೆ, ಗೋಡೆಯ ಮೇಲೆ ಬುದ್ಧನ ಫೋಟೋ, ಅದರ ಕೆಳಗೆ ಸವಿತಾಳ ಹತ್ತನೇ ಇಯತ್ತೆಯ ಗುಂಪು ಫೋಟೋ. ಶಾಂತಾಬಾಯಿ ಚಾಪೆ ಹಾಸಿದರು. ಜೋಡಿಸಿಕೊಂಡು ಹೋಗಿದ್ದ ವಾಕ್ಯಗಳೆಲ್ಲ ಮರೆತುಹೋದವು.

"ತಪ್ಪು ನನ್ನದು," ಎಂದೆ. "ಆವತ್ತ ಮಾಡಬಾರದಿತ್ತು. ಮಾಡಿದೆ. ಸವಿತಾಂದು ಏನೂ ತಪ್ಪಿಲ್ಲ."

ಶಾಂತಾಬಾಯಿ ಮಗಳ ಕಡೆ ತಿರುಗಿ ನೋಡಿದರು. ಆಮೇಲೆ, "ನಾ ದಿನಾ ಆಕೀಗಿ ಬೈಯಾಕತ್ತಿದ್ದೆ ಮೇಡಂ," ಎಂದರು. "ಹೊಲಕ್ಕ ಯಾಕ ಬಂದಿ, ಡಾಕ್ಟ್ರು ಬ್ಯಾಡ ಅಂದಿದ್ರಲ್ಲ ಅಂತ. ಕರಕೊಂಡು ಹೋದಾಕಿ ನಾನೇ. ಆದ್ರೂ ಬೈದೆ." ಸೆರಗಿನಿಂದ ಕಣ್ಣು ಒರೆಸಿಕೊಂಡರು. "ಈಗ ಒಂದು ಮಾತು ಖರೇ ಹೇಳ್ರಿ. ಪೋರಿ ಮಾರಿ ಮೊದಲಿನಂಗ ಆಗ್ತದೋ ಇಲ್ಲೋ?"

"ಕಪ್ಪು ಹೋಗ್ತದ. ಐದಾರು ತಿಂಗಳು ಬೇಕು. ತಗ್ಗು ಮಾತ್ರ ಮೊದಲು ಇದ್ದಷ್ಟೇ ಇರ್ತಾವ. ಅವಕ್ಕ ಬ್ಯಾರೆ ಉಪಾಯ ಅದ, ಇನ್ನೂ ವರ್ಷ ಹಿಡೀತದ. ಬ್ಯಾರೆ ಡಾಕ್ಟ್ರ ಹತ್ರ ತೋರಸ್ತೀನಿ ಅಂದ್ರ ನಾನೇ ಚೀಟಿ ಬರದು ಕೊಡ್ತೀನಿ."

ಒಳಬಾಗಿಲಿಗೆ ಒರಗಿ ನಿಂತಿದ್ದ ಸವಿತಾ ಆಗ ಮೊದಲ ಸಲ ಮಾತಾಡಿದಳು. "ಬ್ಯಾರೆಯವ್ರು ಬ್ಯಾಡ. ನೀವೇ ಮಾಡ್ರಿ. ಆದ್ರ ಏನು ಮಾಡ್ತೀರಿ, ಯಾಕ ಮಾಡ್ತೀರಿ, ಅದು ನನಗ ಮೊದಲ ತಿಳೀಬೇಕು. ನಾ ಹೂಂ ಅಂದ ಮ್ಯಾಲೇ ಕೈ ಹಚ್ಚಬೇಕು."

ಆ ಷರತ್ತಿಗೆ ಒಪ್ಪಿದೆ. ಮೊದಲು ಆರು ತಿಂಗಳು ಕಲೆಯ ತಂಟೆಗೇ ಹೋಗಲಿಲ್ಲ. ಕ್ರೀಮು, ಮಾತ್ರೆಯಿಂದ ಗುಳ್ಳೆ ಆರಿಸಿದೆವು, ಕಪ್ಪು ತಿಳಿಯಾಗಲು ಬಿಟ್ಟೆವು. ಆಮೇಲೆ ಕೂತು ವರ್ಷದ ಲೆಕ್ಕ ಹಾಕಿದೆವು. ಹೊಲದ ಕೆಲಸ ಯಾವಾಗ, ಪಾಳಿ ಯಾವಾಗ ಬದಲಾಗುತ್ತದೆ, ಮೋಡ ಮುಚ್ಚಿರುವ ತಿಂಗಳು ಯಾವುದು. ತೂತುಗಳಿಗೆ ಆಮ್ಲ ಮುಟ್ಟಿಸುವುದನ್ನು ಮಳೆಗಾಲಕ್ಕೆ ಇಟ್ಟುಕೊಂಡೆವು. ಮೊದಲು ಕಿವಿಯ ಹತ್ತಿರ, ಕೂದಲು ಮುಚ್ಚುವ ಜಾಗದಲ್ಲಿ ಎರಡೇ ತೂತಿಗೆ ಮುಟ್ಟಿಸಿ ಒಂದು ತಿಂಗಳು ಕಾದೆವು. ಬಣ್ಣ ಕೆಡಲಿಲ್ಲ. ಸವಿತಾ ಕಿವಿಯ ಹತ್ತಿರದ ಜಾಗವನ್ನು ಕಾರ್ಖಾನೆಯ ಮೂವರು ಗೆಳತಿಯರಿಗೆ ತೋರಿಸಿ ಅವರ ಅಭಿಪ್ರಾಯ ಕೇಳಿಕೊಂಡು ಬಂದು, "ಹೂಂ, ಮುಂದಕ್ಕ ನಡೀರಿ," ಎಂದಳು.

ಆ ವರ್ಷ ನಾನು ಇನ್ನೊಂದು ತಪ್ಪು ಮಾಡಿದೆ. ಇದು ತಿರುಗುಮುರುಗಾದ ತಪ್ಪು. ಬಸವಕಲ್ಯಾಣದ ಬ್ಯಾಂಕೊಂದರಲ್ಲಿ ಕೆಲಸ ಮಾಡುತ್ತಿದ್ದ ಮಹೇಶ ಎಂಬಾತ ಬಂದ. ಗುಳ್ಳೆ ಆರಿ ನಾಲ್ಕು ವರ್ಷವಾಗಿತ್ತು. ಮೈಬಣ್ಣ ತಿಳಿ, ಬಿಸಿಲಿನ ಕೆಲಸವಿಲ್ಲ, ಕಲೆಗಳು ಅಗಲವಾದವು, ಅಂಚು ಕಡಿದಂಥವು. ಲೇಸರ್‌ಗೆ ಹೇಳಿ ಮಾಡಿಸಿದ ಮುಖ. ಆದರೆ ಸವಿತಾಳ ಮುಖ ಕೆಟ್ಟಾಗಿನಿಂದ ನಾನು ಲೇಸರ್ ಮುಟ್ಟಿರಲಿಲ್ಲ, ಬೇಡ ಎಂದೆ. ಮತ್ತೆ ಬಂದ, ಮತ್ತೆ ಬೇಡ ಎಂದೆ. ರೋಲರ್ ಮಾಡಿದೆ. ಏನೂ ಹೆಚ್ಚು ವ್ಯತ್ಯಾಸವಾಗಲಿಲ್ಲ. ಕೆಲವು ತಿಂಗಳು ಆತ ಕಾಣಲಿಲ್ಲ. ಒಂದು ದಿನ ಕ್ಲಿನಿಕ್ಕಿಗೆ ಬಂದು ಎದುರಿಗೆ ಕೂತ. ಹೈದರಾಬಾದಿಗೆ ಹೋಗಿ ಲೇಸರ್ ಮಾಡಿಸಿಕೊಂಡಿದ್ದ. ಕಿಟಕಿಯ ಬೆಳಕಿನಲ್ಲಿಯೂ ಅರ್ಧಕ್ಕರ್ಧ ಕಡಿಮೆಯಾಗಿತ್ತು.

"ಸಿಟ್ಟಿನಿಂದ ಬಂದಿಲ್ಲ ಮೇಡಂ," ಎಂದ. "ತಿಳ್ಕೋಬೇಕಂತ ಬಂದೀನಿ. ನನಗ ಯಾಕ ಬ್ಯಾಡ ಅಂದ್ರಿ?"

ಸವಿತಾಳ ಹೆಸರು ಹೇಳದೆ ನಡೆದದ್ದನ್ನು ಹೇಳಿದೆ. ಆತ ಗಮನವಿಟ್ಟು ಕೇಳಿದ. "ಅಂದ್ರ ನೀವು ನನ್ನ ಮಾರಿ ನೋಡೇ ಇಲ್ಲ," ಎಂದ. ಮೆತ್ತಗೇ ಅಂದ. ನಿಜವಿತ್ತು. ಹೆದರಿಕೆಯಿಂದ ಬೇಡ ಎನ್ನುವುದನ್ನು ನಾನು ಎಚ್ಚರಿಕೆ ಎಂದು ಕರೆದುಕೊಂಡಿದ್ದೆ. ಮಷೀನ್ ಮೇಲಿನ ಹುರುಪಿನಲ್ಲಿ ಸಾಹೇಬರು ರೋಗಿಯನ್ನು ನೋಡುತ್ತಿರಲಿಲ್ಲ, ಮಷೀನ್ ಮೇಲಿನ ಭಯದಲ್ಲಿ ನಾನೂ ನೋಡಿರಲಿಲ್ಲ. ಮುಂದಿನ ವಾರ ಹುಮನಾಬಾದಿಗೆ ಹೋದಾಗ ಸಾಹೇಬರ ಕೋಣೆಗೆ ಹೋಗಿ, ಲೇಸರ್ ಮತ್ತೆ ಶುರು ಮಾಡುತ್ತೇನೆ, ಆದರೆ ಯಾರಿಗೆ ಎನ್ನುವುದನ್ನು ನಾನು ಮಾತ್ರ ನಿರ್ಧರಿಸುತ್ತೇನೆ ಎಂದೆ. ಅವರು ಆಳನ್ನು ಕರೆದು ಬಾಗಿಲ ಬೋರ್ಡು ತೆಗೆಸಲು ಹೇಳಿದರು. ಒಂದು ವರ್ಷದ ಮೇಲೆ ಅಂದು ಇಬ್ಬರೂ ಕೂಡಿ ಚಹಾ ಕುಡಿದೆವು.

ಸವಿತಾಳ ಚಿಕಿತ್ಸೆ ಎರಡನೇ ಮಳೆಗಾಲಕ್ಕೂ ಹೋಯಿತು. ಆಳದ ತೂತುಗಳು ಮೇಲೆ ಬಂದವು, ಕೆಲವು ಮುಚ್ಚಿದವು. ಎಡಗಣ್ಣಿನ ಪಕ್ಕ ಎರಡು ಅಗಲ ತಗ್ಗು ಹಾಗೇ ಇದ್ದವು. ಅವೂ ಹೋದರೆ ನನ್ನ ಮನಸ್ಸಿಗೆ ಸಮಾಧಾನವಾಗುತ್ತಿತ್ತು. ಒಂದೊಂದನ್ನೇ ಸಣ್ಣದಾಗಿ ಕತ್ತರಿಸಿ ಹೊಲಿಗೆ ಹಾಕುವ ವಿಧಾನ ವಿವರಿಸಿದೆ. ಆಕೆ ಎಲ್ಲ ಕೇಳಿ, "ಬ್ಯಾಡ್ರಿ," ಎಂದಳು.

"ಯಾಕ? ಸಣ್ಣ ಕೆಲಸ ಅದ. ಬಣ್ಣ ಕೆಡಂಗಿಲ್ಲ."

"ಅಂಜಿಕಿ ಇಲ್ರಿ. ಇಷ್ಟು ಸಾಕು ಅನ್ನಿಸ್ಯಾದ. ಮೊದಲ ಮಂದಿ ಜೋಡಿ ಮಾತಾಡಬೇಕಂದ್ರ ಮಾರಿ ಆ ಕಡಿ ತಿರುವ್ತಿದ್ದೆ. ಈಗ ಅದು ನೆನಪೇ ಆಗಂಗಿಲ್ಲ. ಪ್ಯಾಕಿಂಗ್ ಲೈನಿನಾಗ ಹದಿನಾಕು ಮಂದಿಗಿ ನಾನೇ ಕೆಲಸ ಹಚ್ಚಬೇಕು ಈಗ. ರಜಾ ಹಾಕೋಂತ ಕುಂತ್ರ ಆಗಂಗಿಲ್ಲ." ಆಮೇಲೆ ಸ್ವಲ್ಪ ನಕ್ಕು, "ಆ ಎರಡು ನಿಮಗ ತ್ರಾಸ್ ಕೊಡಾಕತ್ತಾವು ಮೇಡಂ. ನನಗಲ್ಲ," ಎಂದಳು.

ಚಿಕಿತ್ಸೆಯ ಪಟ್ಟಿಯಲ್ಲಿ ಸಾಕು ಎನ್ನುವುದೂ ಒಂದು ಆಯ್ಕೆ. ಅದನ್ನು ರೋಗಿಯ ಮುಂದೆ ನಾನೇ ಇಡಬೇಕಿತ್ತು. ಆಕೆಯೇ ತೆಗೆದುಕೊಂಡಳು. ಫೈಲು ಮುಚ್ಚಿದೆ. ಒಳಗೊಳಗೆ ಬೇಸರವೂ ಆಯಿತು, ಸುಳ್ಳು ಹೇಳುವುದಿಲ್ಲ.

ಆಮೇಲೆ ಆಕೆಯ ಮದುವೆ ಹುಮನಾಬಾದಿನಲ್ಲೇ ಆಯಿತು. ನನಗೆ ಕರೆ ಬಂದಿತ್ತು, ಜ್ವರ ಬಂದು ಹೋಗಲಾಗಲಿಲ್ಲ. ನಾನು ಕೆಲಸ ಬಿಡುವ ಕೆಲವು ತಿಂಗಳ ಮುಂಚೆ ಒಂದು ಮಧ್ಯಾಹ್ನ ಸವಿತಾ ಗಂಡನ ತಂಗಿಯನ್ನು ಕರೆದುಕೊಂಡು ಬಂದಳು. ಹದಿನಾರರ ಹುಡುಗಿ, ಹೆಸರು ಪ್ರಜ್ಞಾ. ಹಣೆ, ಕೆನ್ನೆ ತುಂಬ ಹೊಸ ಗುಳ್ಳೆಗಳು. ಫೋನಿನಲ್ಲಿ ಒಂದು ಲೇಸರ್ ವೀಡಿಯೋ ಹಚ್ಚಿ ನನ್ನ ಕಡೆ ಹಿಡಿದು, ಇದು ಬೇಕು ಎಂದಳು. ಮನೆಯಲ್ಲಿ ಹಿರಿಯರು, ವಯಸ್ಸಿನ ಗುಳ್ಳೆ, ತಾವೇ ಹೋಗುತ್ತವೆ, ಡಾಕ್ಟರ್ ಯಾಕೆ ಎಂದಿದ್ದರಂತೆ. ಸವಿತಾ ಹಟ ಹಿಡಿದು ಪಾಳಿ ಬದಲಿಸಿಕೊಂಡು ಕರೆತಂದಿದ್ದಳು.

ನಾನು ಉತ್ತರ ಕೊಡುವ ಮುಂಚೆ ಸವಿತಾಳೇ ಫೋನ್ ತೆಗೆದುಕೊಂಡು ಪಕ್ಕಕ್ಕಿಟ್ಟಳು. ಹುಡುಗಿಯ ಕೈ ಹಿಡಿದು ತನ್ನ ಎಡಗಣ್ಣಿನ ಪಕ್ಕಕ್ಕೆ ತಂದು ಬೆರಳು ಆಡಿಸಿದಳು.

"ಇದು ಹತ್ತಾಕತ್ತದೇನು? ಇದಕ್ಕ ಲೇಸರ್. ನಿನಗ ಇನ್ನೂ ಇದು ಆಗೇ ಇಲ್ಲ. ಆಗಬಾರ್ದು ಅಂತ ಕರಕೊಂಡು ಬಂದೀನಿ."

ಹುಡುಗಿ ಬೆರಳನ್ನು ಅಲ್ಲೇ ಇಟ್ಟುಕೊಂಡು, "ನೋವಾಗ್ತಿತ್ತೇನ್ ವೈನಿ?" ಎಂದು ಕೇಳಿದಳು.

"ಗುಳ್ಳಿ ಇದ್ದಾಗ ಆಗ್ತಿತ್ತು. ಯಾರಿಗೂ ಹೇಳಿರ್ಲಿಲ್ಲ. ನೀ ಹೇಳು."

ರಾತ್ರಿ ಹಚ್ಚುವ ಒಂದು ಕ್ರೀಮು, ಕೆಲವು ವಾರದ ಮಾತ್ರೆ ಬರೆದೆ. ಗುಳ್ಳೆ ಹಿಚುಕಬೇಡ ಎಂದೆ. ಎಂಟು ವಾರಕ್ಕೊಮ್ಮೆಯಂತೆ ಮೂರು ಸಲ ಬಂದಳು. ಕೊನೆಯ ಸಲ ಲೈಟ್ ಆರಿಸಿ ಕಿಟಕಿಯ ಪಕ್ಕ ಓರೆಯಾಗಿ ಕೂರಿಸಿ ಎರಡೂ ಕೆನ್ನೆ ನೋಡಿದೆ. ಎಲ್ಲಿಯೂ ನೆರಳು ಬೀಳಲಿಲ್ಲ. ಸವಿತಾ ಹಿಂದೆ ನಿಂತು, ನಾನು ಏನು ಹೇಳುತ್ತೇನೋ ಎಂದು ಕಾಯುತ್ತಿದ್ದಳು.

"ಒಂದೂ ತಗ್ಗಿಲ್ಲ," ಎಂದೆ.

ಆಕೆ ಹುಡುಗಿಯ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿ, "ನಡಿ, ಬಸ್ಸಿನ ಟೈಮ್ ಆಯ್ತು," ಎಂದಳು.